ಶಿಕದಾರ್ ಬಾಬುವಿನ ಮಂಕಿಟೋಪಿ

ಕುಸುಮಡಾಂಗಾದಲ್ಲಿ ಚಳಿಗಾಲ ಬಂತೆಂದು ಹೇಳುವುದು ಪಂಚಾಂಗವಲ್ಲ, ರೇಡಿಯೋದವರೂ ಅಲ್ಲ. ನಿಭಾ ಪಿಶಿ ಏಣಿ ಹತ್ತಿದಳೆಂದರೆ ಚಳಿಗಾಲ ಬಂತು, ಅಷ್ಟೆ. ಕಾಳೀಪೂಜೆಯ ಪಟಾಕಿ ಹೊಗೆ ಇನ್ನೂ ಪೂರ್ತಿ ಇಳಿದಿರುವುದಿಲ್ಲ, ಬೆಳಗಿನ ಹೊತ್ತು ಕೊಳದ ಮೇಲೆ ಮಂಜಿನ ಒಂದೆಳೆ ಕಂಡೂ ಕಾಣದ ಹಾಗೆ ತೇಲುತ್ತಿರುತ್ತದೆ, ಅಷ್ಟರಲ್ಲೇ ಪಿಶಿ ಹೈಸ್ಕೂಲಿನ ಎದುರಿನ ಚೌಕಕ್ಕೆ ಬರುತ್ತಾಳೆ. ಸೈಕಲ್ ರಿಕ್ಷಾದ ಸನಾತನನನ್ನು ಏಣಿ ಹಿಡಿಯಲು ಕರೆಯುತ್ತಾಳೆ. ಅಮೃತಶಿಲೆಯ ಶಿಕದಾರ್ ಬಾಬುವಿನ ತಲೆಗೆ ಉಣ್ಣೆಯ ಮಂಕಿಟೋಪಿ ತೊಡಿಸಿ, ಎರಡೂ ಕಿವಿಯ ಮೇಲೆ ಎಳೆದು, ಗಲ್ಲದ ಕೆಳಗೆ ಗುಂಡಿ ಸಿಕ್ಕಿಸಿ ಇಳಿಯುತ್ತಾಳೆ. ಮಾರನೆಯ ಬೆಳಗ್ಗೆ ಊರಿಗೆ ಊರೇ ಟ್ರಂಕು ತೆಗೆದು, ನುಸಿಗುಳಿಗೆಯ ವಾಸನೆ ಹೊಡೆಯುವ ತಮ್ಮ ತಮ್ಮ ಮಂಕಿಟೋಪಿಗಳನ್ನು ತಲೆಗೇರಿಸುತ್ತದೆ. ಶಿಕದಾರ್ ಬಾಬುವಿಗಿಂತ ಮೊದಲು ಯಾರೂ ಏರಿಸುವುದಿಲ್ಲ. ಅದು ಹಿರಿಯರಿಗೆ ಕೊಡುವ ಮರ್ಯಾದೆ.

ಪಿಶಿ ಎಂದರೆ ಸೋದರತ್ತೆ. ನಿಭಾನನಿ ಸರ್ಖೇಲ್ ನಿಜವಾಗಿ ಪಿಶಿಯಾದದ್ದು ಅಣ್ಣನ ಮಕ್ಕಳಿಗೆ ಮಾತ್ರ; ಆದರೆ ಮೊಮ್ಮಕ್ಕಳನ್ನು ಕಂಡ ಗಂಡಸರೂ ಆಕೆಯನ್ನು ಪಿಶಿ ಎಂದೇ ಕರೆಯುತ್ತಾರೆ. ಅವರಲ್ಲಿ ಮುಕ್ಕಾಲು ಪಾಲು ಜನರ ಮೂಗನ್ನು ಆಕೆ ಒಂದಲ್ಲ ಒಂದು ಚಳಿಗಾಲದಲ್ಲಿ ತನ್ನ ಸೆರಗಿನಿಂದ ಒರೆಸಿದ್ದಾಳೆ.

ಹಾಗೆ ನೋಡಿದರೆ ಕುಸುಮಡಾಂಗಾಕ್ಕೆ ಹೆಮ್ಮೆಗೇನೂ ಬರವಿಲ್ಲ. ನಾಟಕ ಸಂಘವಿದೆ, ರಾಜನ ಪಾತ್ರ ಯಾರದೆಂಬ ಜಗಳದಲ್ಲಿ ಅದು ಒಡೆದು ಎರಡಾಗಿ, ಈಗ ಎರಡರಲ್ಲೂ ರಾಜರೇ ತುಂಬಿಕೊಂಡು ಸೈನಿಕರ ಪಾತ್ರಕ್ಕೆ ಜನ ಸಿಕ್ಕುವುದಿಲ್ಲ. ಗ್ರಂಥಾಲಯವಿದೆ; ಅಲ್ಲಿನ 'ಮೌನವಾಗಿರಿ' ಎಂಬ ಮರದ ಹಲಗೆ ವಾದದ ಕಾವಿನಲ್ಲಿ ಮೇಜು ಕುಟ್ಟಲು ಉಪಯೋಗಕ್ಕೆ ಬರುತ್ತದೆ. ಇತಿಹಾಸ ಪರಿಷತ್ತಿತ್ತು, ಅದರಲ್ಲಿ ಇಬ್ಬರು ಸದಸ್ಯರಿದ್ದರು. ಈಗ ಇತಿಹಾಸ ಪರಿಷತ್ತುಗಳು ಎರಡಿವೆ. ಇವೆಲ್ಲದರ ನಡುವೆ, ಕೈಯಲ್ಲಿ ಪುಸ್ತಕ ಹಿಡಿದು, ಹೆಗಲಿಗೆ ಕಲ್ಲಿನ ಶಾಲು ಹೊದ್ದು, ಹೈಸ್ಕೂಲನ್ನು ಕಟ್ಟಿಸಿದ ಹರಮೋಹನ ಶಿಕದಾರ್ ಬಾಬು ನಿಂತಿದ್ದಾರೆ.

ಶಿಕದಾರ್ ಬಾಬು ಸತ್ತದ್ದು ಹೇಗೆಂದು ಊರಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಶಾಲೆಯ ಬಹುಮಾನ ವಿತರಣೆಗೆ ಯಾರೋ ದೊಡ್ಡ ಮನುಷ್ಯರು ಮುಖ್ಯ ಅತಿಥಿಯಾಗಿ ಬರುವವರಿದ್ದರು. ಮಾಘ ಮಾಸ. ಅತಿಥಿಯನ್ನು ಎದುರುಗೊಳ್ಳಲು ಬಾಬು ಸ್ಟೇಷನ್ನಿಗೆ ಹೋದರು. ದೊಡ್ಡವರ ಮುಂದೆ ತಲೆಗೆ ಮಂಕಿಟೋಪಿ ಇಟ್ಟುಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲವೆಂದು ತೆಗೆದು ಜೇಬಿಗಿಟ್ಟರು. ರೈಲು ಮಂಜಿನಲ್ಲಿ ಸಿಕ್ಕಿಕೊಂಡಿತ್ತು. ಬಾಬು ಬರೀ ತಲೆಯಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಮಧ್ಯಾಹ್ನದವರೆಗೆ ನಿಂತರು. ಅತಿಥಿ ಬರಲಿಲ್ಲ, ನ್ಯುಮೋನಿಯಾ ಬಂತು.

ಅವರು ಹೋಗಿ ಎಷ್ಟೋ ವರ್ಷದ ಮೇಲೆ ಊರವರು ಕಲ್ಕತ್ತೆಯಿಂದ ಈ ಮೂರ್ತಿ ತರಿಸಿದರು. ಆಳಿಗಿಂತ ಒಂದೂವರೆ ಪಟ್ಟು ದೊಡ್ಡದು. ಅದನ್ನು ಅನಾವರಣ ಮಾಡಲು ಮತ್ತೆ ಒಬ್ಬ ಮುಖ್ಯ ಅತಿಥಿ ಬೇಕಾಯಿತು. ಅತಿಥಿಯ ದಿನ ಗೊತ್ತಾಗುವವರೆಗೆ ಮೂರ್ತಿಯ ತಲೆಗೆ ಬಟ್ಟೆ ಸುತ್ತಿ ನಿಲ್ಲಿಸಿದರು. ಕಾರ್ತಿಕ ಹೋಯಿತು, ಅಗ್ರಹಾಯಣ ಹೋಯಿತು, ಪೌಷವೂ ಹೋಯಿತು. ತಲೆಗೆ ಸುತ್ತಿಕೊಂಡ ಬಾಬುವನ್ನೇ ನೋಡಿ ನೋಡಿ ಜನರಿಗೆ ಅದೇ ಸರಿ ಅನಿಸಿಬಿಟ್ಟಿತು. ಕೊನೆಗೂ ಮಾಘದ ನಡುವೆ ಯಾರೋ ಮಂತ್ರಿ ಬಂದು, ಬಟ್ಟೆ ಎಳೆದು, ಭಾಷಣ ಮಾಡಿ, ಸಂದೇಶ್ ಮಿಠಾಯಿ ತಿಂದು ಹೋದರು. ಬಾಬು ಚಳಿಗಾಳಿಯಲ್ಲಿ ಬೋಳುತಲೆ ಬಿಟ್ಟುಕೊಂಡು ನಿಂತುಬಿಟ್ಟರು. ನೋಡಿದವರಿಗೆಲ್ಲ ಗಂಟಲಲ್ಲಿ ಒಂದು ನಮೂನೆ ಕೆರೆತ.

ಆಗ ಮುಂದಿನ ಸಾಲಿನಿಂದ ಎದ್ದವರು ಬಾಬುವಿನ ವಿಧವೆ, ಎಲ್ಲರ ಗಿನ್ನಿಮಾ, ಅಂದರೆ ಯಜಮಾನಿಯಮ್ಮ. "ಒಂದು ಸಲ ಅತಿಥಿ ಬರ್ತಾರೆ ಅಂತ ಟೋಪಿ ತೆಗೆದೇ ಹೋದ್ರು," ಎಂದರು ಆಕೆ, ಮೈಕಿನ ಹಂಗಿಲ್ಲದೆ. "ಈಗ ಇನ್ನೊಂದು ಸಲ ತೆಗೆದ್ರಲ್ಲಪ್ಪ. ನಿಮಗೆಲ್ಲ ಏನಾಗಿದೆ?"

ಪಕ್ಕದಲ್ಲಿ ನಿಂತಿದ್ದ ಲಂಗದ ಹುಡುಗಿ ನಿಭಾ, ತನ್ನ ಅಪ್ಪನ ತಲೆಯಿಂದ ಮಂಕಿಟೋಪಿ ಕಿತ್ತುಕೊಂಡು ಏಣಿ ಹತ್ತಿದಳು. ಟೋಪಿ ನೆತ್ತಿಯ ಮೇಲಷ್ಟೆ ಕೂತಿತು. ಇಳಿದು ಬಂದವಳ ಕೈ ಹಿಡಿದುಕೊಂಡು ಗಿನ್ನಿಮಾ ಹೇಳಿದರು: "ಅಳತೆಗೆ ಸರಿಯಾಗಿ ಒಂದು ಹೆಣಿ ಮಗಳೆ. ವರ್ಷ ವರ್ಷ ಮರೀಬೇಡ. ಯಾವ ಅತಿಥಿ ಬಂದ್ರೂ ತೆಗೀಬೇಡ." ನಿಭಾ ಆಗಲೆಂದಳು. ಆಗಲೆಂದದ್ದೇ ಆಕೆಯ ಬಾಳಾಯಿತು.

ಮದುವೆಯ ಪ್ರಯತ್ನವೇನೋ ನಡೆದಿತ್ತು. ಹುಡುಗನ ಕಡೆಯವರು ನೋಡಲು ಬಂದಾಗ, ಹುಡುಗಿಗೆ ಹೆಣಿಗೆ ಬರುತ್ತದೆ ಎಂದು ತೋರಿಸಲು ನಿಭಾಳ ತಾಯಿ ಅರ್ಧ ಹೆಣೆದ ಟೋಪಿಯನ್ನು ತಂದು ಮುಂದಿಟ್ಟರು. ಅಕ್ಕಿ ಅಳೆಯುವ ಬುಟ್ಟಿಯಷ್ಟಿತ್ತು ಅದು.

"ಇದು ಯಾರಿಗಮ್ಮ?" ಎಂದರು ಹುಡುಗನ ತಾಯಿ.

"ಶಿಕದಾರ್ ಬಾಬುಗೆ."

"ಅವರು ಎಲ್ಲಿರ್ತಾರೆ?"

"ಇಲ್ಲೇ, ಚೌಕದಲ್ಲಿ ನಿಂತಿರ್ತಾರೆ. ತೀರಿಕೊಂಡು ಬಹಳ ವರ್ಷ ಆಯ್ತು."

ಬಂದವರು ಸಂದೇಶ್‌ಗಳನ್ನು ಅರ್ಧಕ್ಕೇ ಬಿಟ್ಟು ಎದ್ದರು. ನಿಭಾ ಉಳಿದ ಅರ್ಧಗಳನ್ನು ತಿಂದು ಕಡ್ಡಿ ಕೈಗೆತ್ತಿಕೊಂಡಳು. ಮುಂದೆ ಜಗುಲಿಯ ಮೇಲೆ ಹೆಣಿಗೆ ಕಲಿಸುತ್ತ, ಅಣ್ಣನ ಮಕ್ಕಳನ್ನು ಗದರುತ್ತ, ಅವಳು ಪಿಶಿಯಾದಳು.

ಬಣ್ಣದ ವಿಷಯದಲ್ಲಿ ಕೂಡ ಆಕೆ ಬಹಳ ಅನುಭವಿಸಿದ್ದಾಳೆ. ಒಂದು ವರ್ಷ ಕೆಂಪು ಉಣ್ಣೆ ಅಗ್ಗವಾಗಿ ಸಿಕ್ಕಿತೆಂದು ಕೆಂಪು ಟೋಪಿ ಹೆಣೆದಳು. ಒಂದು ಪಕ್ಷದವರು ಬಂದು ಮೂರ್ತಿಗೆ ಮುಷ್ಟಿಯೆತ್ತಿ ವಂದಿಸಿದರು, ಇನ್ನೊಂದು ಪಕ್ಷದವರು ಅದರ ಕಾಲ ಬುಡದಲ್ಲಿ ಧರಣಿ ಕೂತರು. ಮರುವರ್ಷ ಹಸಿರು ಹೆಣೆದಳು. ವಂದಿಸುವವರೂ ಧರಣಿ ಕೂರುವವರೂ ಜಾಗ ಅದಲುಬದಲು ಮಾಡಿಕೊಂಡರು. ಆಮೇಲಿನಿಂದ ಹಾಲು ಹಾಕಿದ ಚಹಾದ ಬಣ್ಣ. "ಚಹಾ ಕುಡಿಯದ ಪಕ್ಷ ನಮ್ಮೂರಲ್ಲಿ ಇನ್ನೂ ಹುಟ್ಟಿಲ್ಲ" ಎನ್ನುತ್ತಾಳೆ ಪಿಶಿ.

ಇಷ್ಟೆಲ್ಲ ದಾಟಿ ಬಂದ ಟೋಪಿಗೆ ಕುತ್ತು ಬಂದದ್ದು ದೆಹಲಿಯಿಂದ. ಅಲ್ಲಿನ ಯಾವುದೋ ಇಲಾಖೆಯವರು ದೇಶದ ಉದ್ದಗಲಕ್ಕೂ ಇರುವ ಹೆಸರಾಂತ ಊರು, ಕಟ್ಟಡ, ಸಂಸ್ಥೆಗಳನ್ನೆಲ್ಲ ಒಂದು ದಪ್ಪ ಪುಸ್ತಕದಲ್ಲಿ ಸೇರಿಸುತ್ತಾರೆಂದು ಸುದ್ದಿಯಾಯಿತು. ನದಿಯಾಚೆಯ ಬಕುಲ್‌ಪುರ ಆಗಲೇ ಸೇರಿಬಿಟ್ಟಿದೆ ಎಂಬ ಸುದ್ದಿ ಅದರ ಹಿಂದೆಯೇ ಬಂತು. ಅಲ್ಲೊಂದು ಇಟ್ಟಿಗೆ ಗುಡಿ ನೆರೆಯಲ್ಲಿ ನೆನೆದು ಒಂದು ಕಡೆಗೆ ವಾಲಿದೆ, ಅದಕ್ಕೇ ಸೇರಿಸಿದ್ದಂತೆ.

"ವಾಲಿದ್ದಕ್ಕೆ ಇಷ್ಟು ಮರ್ಯಾದೆನಾ?" ಎಂದ ಪುರಸಭೆಯ ಅಧ್ಯಕ್ಷ ಗೋಲೋಕ್ ಹಾಜ್ರಾ. "ನಮ್ಮೂರಲ್ಲಿ ವಾಲದೇ ಇರೋದು ಯಾವುದಿದೆ ಹೇಳಿ ನೋಡೋಣ."

ಓಡಾಡಿ, ಯಾರ್ಯಾರನ್ನೋ ಹಿಡಿದು, ಅವನು ದೆಹಲಿಯ ಅಧಿಕಾರಿಯೊಬ್ಬರು ಮಾಘದಲ್ಲಿ ಕುಸುಮಡಾಂಗಾಕ್ಕೂ ಒಂದು ಗಳಿಗೆ ಬಂದುಹೋಗುವಂತೆ ಮಾಡಿದ. ತೋರಿಸಲು ಇರುವುದು ಶಿಕದಾರ್ ಬಾಬು. ತಲೆಗೆ ಇರುವುದು ಮಂಕಿಟೋಪಿ. ಗೋಲೋಕನೂ, ಒಂದನೆಯ ಇತಿಹಾಸ ಪರಿಷತ್ತಿನ ಏಕೈಕ ಸದಸ್ಯರಾದ ನಿವೃತ್ತ ಹೆಡ್ಮಾಸ್ಟರ್ ಅನಾದಿ ಬಾಬುವೂ ಪಿಶಿಯ ಜಗುಲಿಗೆ ಬಂದರು. ಇಬ್ಬರ ತಲೆಗೂ ಮಂಕಿಟೋಪಿ, ಮೇಲೊಂದು ಸುತ್ತು ಮಫ್ಲರು.

"ಪಿಶಿ, ಒಂದೇ ಒಂದು ದಿನದ ಮಟ್ಟಿಗೆ," ಎಂದ ಗೋಲೋಕ್. "ಅವರು ಬರ್ತಾರೆ, ಫೋಟೋ ತೆಗೀತಾರೆ, ಹೋಗ್ತಾರೆ. ಆಮೇಲೆ ತೊಡಿಸಿಬಿಡು."

"ಆಗಲ್ಲ ಕಣೋ."

"ನಿಭಾ, ಸ್ವಲ್ಪ ಯೋಚನೆ ಮಾಡಮ್ಮ," ಎಂದರು ಅನಾದಿ ಬಾಬು, ಮಫ್ಲರಿನೊಳಗಿಂದ. "ಜ್ಞಾನಿಯ ಹಣೆ ಅದು. ಆ ವಿಶಾಲ ಹಣೆ ಜಗತ್ತಿಗೆ ಕಾಣಬೇಕು. ಸಾಕ್ರೆಟಿಸ್ ಮೂರ್ತಿಗೆ ಯಾರಾದ್ರೂ ಮಂಕಿಟೋಪಿ ತೊಡಿಸಿದಾರಾ?"

"ಅವರಿಗೂ ಒಬ್ಬ ಗಿನ್ನಿಮಾ ಇದ್ದಿದ್ರೆ ತೊಡಿಸ್ತಿದ್ರು. ಮಾಷ್ಟರ್‌ಮಶಾಯ್, ನಿಮ್ಮ ಹಣೇನೂ ವಿಶಾಲವಾಗೇ ಇದೆ. ತೆಗೀರಿ ನೋಡೋಣ, ನಾನೂ ತೆಗೀತೀನಿ."

ಅನಾದಿ ಬಾಬುವಿನ ಕೈ ತಾನಾಗಿಯೇ ಟೋಪಿಯ ಅಂಚಿಗೆ ಹೋಗಿ ಅದನ್ನು ಇನ್ನಷ್ಟು ಕೆಳಗೆಳೆದುಕೊಂಡಿತು. ಗೋಲೋಕ್ ಎದ್ದ. "ಊರಿನ ಮಾನದ ಪ್ರಶ್ನೆ ಪಿಶಿ" ಎಂದ.

"ಅದಕ್ಕೇ ಕಣೋ ಹೇಳ್ತಿರೋದು. ಕೊಟ್ಟ ಮಾತು ನಂದಿರಬಹುದು, ನಿಂತಿರೋ ತಲೆ ಊರಿಂದು."

ಮಾತಿಗೆ ಬಗ್ಗದ್ದನ್ನು ಪುರಸಭೆ ಠರಾವಿನಿಂದ ಬಗ್ಗಿಸುತ್ತದೆ. ಮಂಕಿಟೋಪಿ ತೊಟ್ಟ ಸದಸ್ಯರು ಸಭೆ ಸೇರಿ, ಕಿಟಕಿಗಳನ್ನೆಲ್ಲ ಭದ್ರಪಡಿಸಿಕೊಂಡು, ಮೂರ್ತಿಗೆ ಚಳಿಯಾಗುವುದಿಲ್ಲ ಎಂದು ಒಮ್ಮತದಿಂದ ತೀರ್ಮಾನಿಸಿದರು. ಬೀದಿದೀಪ ಬದಲಿಸುವ ಎತ್ತರದ ಗಾಡಿ ಬಂತು. ಕೆಲಸದವನು ಗುಂಡಿ ಬಿಚ್ಚುವಾಗ "ಕ್ಷಮಿಸಿ ಬಾಬು" ಎಂದು ಮೂರ್ತಿಯ ಕಿವಿಯಲ್ಲಿ ಹೇಳಿದ್ದನ್ನು ಕೆಳಗಿದ್ದವರು ನೋಡಿದರು. ಟೋಪಿಯನ್ನು ಮಡಿಸಿ ಪಿಶಿಯ ಕೈಗೆ ಕೊಟ್ಟ. ಪಿಶಿ ಮತ್ತೆ ಹತ್ತದಂತೆ ಏಣಿ ಪುರಸಭೆಯ ಗೋದಾಮು ಸೇರಿತು.

ಅಧಿಕಾರಿ ಆ ದಿನ ಬರಲಿಲ್ಲ. ಮಂಜಿನಿಂದ ರೈಲುಗಳೆಲ್ಲ ತಡವಾಗಿವೆ, ನಾಳೆ ಬರುತ್ತಾರೆ ಎಂದು ಫೋನು ಬಂತು. ನಾಳೆಯೂ ಅದೇ ಫೋನು.

ಪಿಶಿ ಜಗಳವಾಡಲಿಲ್ಲ. ಮೂರ್ತಿಯ ಎದುರಿನ ಚಹಾ ಅಂಗಡಿಯ ಬೆಂಚಿನ ಮೇಲೆ ಬಂದು ಕೂತಳು. ತೊಡೆಯ ಮೇಲೆ ಶಿಕದಾರ್ ಬಾಬುವಿನ ಟೋಪಿ. ತನ್ನ ತಲೆಯ ಟೋಪಿಯನ್ನು ತೆಗೆದು ಅದರೊಳಗಿಟ್ಟಳು. ಸೆರಗನ್ನೂ ತಲೆಯ ಮೇಲಿಂದ ಇಳಿಸಿದಳು. ಗಾಳಿ ಬಂದು ಬಿಳಿ ಕೂದಲನ್ನು ಕೆದರಿತು.

"ಪಿಶಿ, ಏನ್ ಮಾಡ್ತಿದೀಯ?" ಎಂದ ಸನಾತನ, ಚಹಾದ ಮಣ್ಣಿನ ಕುಡಿಕೆ ಅವನ ಕೈಯಲ್ಲೇ ನಿಂತಿತು.

"ಅವರು ತೊಡೋವರೆಗೂ ನಾನೂ ತೊಡಲ್ಲ. ನೀನು ಚಹಾ ಕುಡಿ."

ಕುಸುಮಡಾಂಗಾ ಉಪವಾಸ ಸತ್ಯಾಗ್ರಹ ಕಂಡಿದೆ, ಬಂದ್ ಕಂಡಿದೆ, ರೈಲುತಡೆಯನ್ನೂ ಕಂಡಿದೆ. ಅದ್ಯಾವುದಕ್ಕೂ ಅಲ್ಲಿನ ಜನ ಊಟದ ನಂತರದ ನಿದ್ದೆಯನ್ನು ಬಿಟ್ಟವರಲ್ಲ. ಆದರೆ ಮಾಘದ ಗಾಳಿಯಲ್ಲಿ ಒಬ್ಬ ಮುದುಕಿ ಬರೀ ತಲೆಯಲ್ಲಿ ಕೂತಿದ್ದಾಳೆ ಎಂಬ ಸುದ್ದಿಗೆ ಊರಿನ ಎದೆ ಝಲ್ಲೆಂದಿತು. ಹೆಂಗಸರು ಶಾಲು ತಂದರು, ಪಿಶಿ ಮಡಿಸಿ ಪಕ್ಕಕ್ಕಿಟ್ಟಳು. ಡಾಕ್ಟರು ಬಂದು ಕರೆಯದೆಯೇ ನಾಡಿ ಹಿಡಿದರು. ಎರಡೂ ನಾಟಕ ಸಂಘದ ರಾಜರು ಒಟ್ಟಿಗೆ ಬಂದು ಕೈಮುಗಿದರು. ಅವರು ಒಟ್ಟಿಗೆ ನಿಂತದ್ದನ್ನು ಜನ ನೋಡಿದ್ದು ಅದೇ ಮೊದಲು. ಹಿಂದಿನ ವಾರ ಮೂರ್ತಿಗೆ ಚಳಿಯಿಲ್ಲವೆಂದು ಕೈಯೆತ್ತಿದ ಸದಸ್ಯರು, ತಾವು ಎತ್ತಿದ್ದು ಅರ್ಧ ಕೈ ಎಂದು ಹೇಳತೊಡಗಿದರು.

ಸಂಜೆಯ ಹೊತ್ತಿಗೆ ಪಿಶಿ ಒಂದು ಸಲ ಸೀನಿದಳು.

ಅಷ್ಟೇ ಸಾಕಾಯಿತು. ಆ ಸೀನು ಚೌಕ ದಾಟಿ, ಮೀನಿನ ಮಾರುಕಟ್ಟೆ ದಾಟಿ, ಗೋಲೋಕನ ಮನೆ ತಲುಪುವ ಹೊತ್ತಿಗೆ ಎರಡೂ ಶ್ವಾಸಕೋಶದ ನ್ಯುಮೋನಿಯಾ ಆಗಿತ್ತು. ಗೋಲೋಕನ ತಾಯಿ ಅನ್ನದ ತಟ್ಟೆಯನ್ನು ಅವನ ಮುಂದಿನಿಂದ ಎಳೆದುಕೊಂಡರು. "ಚಿಕ್ಕಂದಿನಲ್ಲಿ ನಿನ್ನ ಕಿವಿನೋವಿಗೆ ರಾತ್ರಿಯೆಲ್ಲ ಬಿಸಿ ಎಣ್ಣೆ ಹಾಕಿದೋಳು ಅವಳು ಕಣೋ. ನಿನ್ನ ಪುಸ್ತಕ ನೀನೇ ಉಣ್ಣು" ಎಂದರು.

ಬೆಳಗ್ಗೆ ಗೋಲೋಕ್ ಏಣಿಯನ್ನು ತಾನೇ ಹೊತ್ತು ತಂದ. ಚೌಕದ ತುಂಬ ಜನ.

"ತಗೋ ಪಿಶಿ. ಹತ್ತು. ನಿನ್ನ ಕಾಲಿಗೆ ಬೀಳ್ತೀನಿ, ಮೊದಲು ನಿನ್ನ ತಲೆ ಮುಚ್ಚಿಕೋ."

ಪಿಶಿ ಏಳಲಿಲ್ಲ. "ತೆಗೆಸಿದ್ದು ಯಾರು?"

"ನಾನೇ."

"ಹಾಗಾದ್ರೆ ತೊಡಿಸೋದೂ ನೀನೇ. ಹತ್ತು."

"ನನಗೆ ಎತ್ತರ ಆಗಿಬರಲ್ಲ ಅಂತ ನಿನಗೆ ಗೊತ್ತು."

"ಅಧ್ಯಕ್ಷ ಆಗುವಾಗ ಗೊತ್ತಾಗ್ಲಿಲ್ವಾ? ಹತ್ತೋ. ಸನಾತನ ಹಿಡ್ಕೊಂಡಿರ್ತಾನೆ. ಕಿವಿ ಪೂರ್ತಿ ಮುಚ್ಚಬೇಕು, ಮೇಲೆ ಮೇಲೆ ಇಟ್ಟು ಬರಬೇಡ."

ಗೋಲೋಕ್ ಕಣ್ಣು ಅರ್ಧ ಮುಚ್ಚಿಕೊಂಡು ಹತ್ತಿದ. ಒಂದು ಕೈಯಲ್ಲಿ ಬಾಬುವಿನ ಕುತ್ತಿಗೆಯನ್ನು ತಬ್ಬಿಕೊಂಡು, ಇನ್ನೊಂದು ಕೈಯಲ್ಲಿ ಟೋಪಿ ಎಳೆಯುತ್ತಿದ್ದಾನೆ. "ಎಡಗಿವಿ, ಎಡಗಿವಿ" ಎಂದು ಕೆಳಗಿನಿಂದ ಊರೇ ಕೂಗುತ್ತಿದೆ. ಅಷ್ಟರಲ್ಲಿ ಜೀಪು ಬಂದು ನಿಂತಿತು. ದೆಹಲಿಯ ಅಧಿಕಾರಿ ಇಳಿದರು.

ದಹಿಯಾ ಸಾಹೇಬರು ಹರಿಯಾಣದವರು. ಅರ್ಧ ತೋಳಿನ ಅಂಗಿ. ಆಗಷ್ಟೇ ತಣ್ಣೀರಿನಲ್ಲಿ ಮಿಂದು ಬಂದಿದ್ದಾರೆಂಬುದಕ್ಕೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಕಂಡ ಜನ ಎರಡು ಹೆಜ್ಜೆ ಹಿಂದೆ ಸರಿದರು. ಒಬ್ಬ ತಾಯಿ ಮಗುವಿನ ಕಣ್ಣು ಮುಚ್ಚಿದಳು.

"ಮೇಲಿರೋರು ಯಾರು? ಏನು ನಡೀತಿದೆ?" ಎಂದರು ಸಾಹೇಬರು, ಕ್ಯಾಮೆರಾ ಎತ್ತುತ್ತ.

ಅಧ್ಯಕ್ಷ ಕಂಬಕ್ಕೆ ಅಂಟಿದ ಹಲ್ಲಿಯಂತೆ ಮೇಲಿದ್ದುದರಿಂದ ಅನಾದಿ ಬಾಬು ಮುಂದೆ ಬಂದರು. ನಿನ್ನೆಯವರೆಗೆ ಹಣೆಯ ಪರವಾಗಿದ್ದವರು ಒಂದು ಉಸಿರಿನಲ್ಲಿ ಟೋಪಿಯ ಕಡೆಗೆ ದಾಟಿದರು. "ಇದು ಸಾರ್, ನಮ್ಮ ಕಡೆಯ ಜ್ಞಾನಪರಂಪರೆ ಮತ್ತು ಗ್ರಾಮೀಣ ಕರಕುಶಲ ಕಲೆಯ ಸಮನ್ವಯದ ಸಂಕೇತ."

"ಅಲ್ಲವೇ ಅಲ್ಲ," ಎಂದರು ಎರಡನೆಯ ಇತಿಹಾಸ ಪರಿಷತ್ತಿನವರು, ಗುಂಪಿನ ಹಿಂದಿನಿಂದ. "ಬಿಳಿಯರ ಮುಂದೆ ಟೋಪಿ ತೆಗೆಯಬೇಕಾದ ಶಿಷ್ಟಾಚಾರದ ವಿರುದ್ಧ ಇದು ಪ್ರತಿಭಟನೆ. ನನ್ನ ಲೇಖನದಲ್ಲಿದೆ."

"ನಿಮ್ಮ ಲೇಖನ ಅಚ್ಚಾಗಿದ್ದೆಲ್ಲಿ?"

"ನಿಮ್ಮದು ಯಾರು ಓದಿದ್ರು?"

ಸಾಹೇಬರು ಇಬ್ಬರನ್ನೂ ದಾಟಿ ಬೆಂಚಿನ ಹತ್ತಿರ ಬಂದರು. "ಮಾತಾಜಿ, ನೀವು ಹೇಳಿ. ಯಾಕಿದು?"

"ಚಳಿ ಬಾಬಾ."

ಸಾಹೇಬರು ತಮ್ಮ ಬರೀ ತೋಳುಗಳನ್ನೊಮ್ಮೆ ನೋಡಿಕೊಂಡರು. "ಇದು ಚಳಿನಾ? ನಮ್ಮ ಕಡೆ ಇಂಥ ದಿನ ಎಮ್ಮೆಗೂ ಗೋಣಿ ಹೊದಿಸಲ್ಲ."

ಊರಿನಲ್ಲಿ ಶಾಲೆಯಿಲ್ಲ, ಗ್ರಂಥಾಲಯವಿಲ್ಲ, ಸಂಸ್ಕೃತಿಯೇ ಇಲ್ಲ ಎಂದಿದ್ದರೂ ಜನ ತಡೆದುಕೊಳ್ಳುತ್ತಿದ್ದರೇನೋ, ಚಳಿಯಿಲ್ಲ ಎಂದುಬಿಟ್ಟರಲ್ಲ.

ಪಿಶಿ ಮಾತ್ರ ನೊಂದುಕೊಳ್ಳಲಿಲ್ಲ. "ಅವರೂ ಹಾಗೇ ಅಂದ್ಕೊಂಡಿದ್ರಪ್ಪ," ಎಂದಳು ಮೂರ್ತಿಯ ಕಡೆ ಗಲ್ಲ ಎತ್ತಿ. "ನಿನ್ನ ಹಾಗಿರೋ ಒಬ್ಬ ದೊಡ್ಡ ಮನುಷ್ಯನಿಗೆ ಕಾಯ್ತಾ ಸ್ಟೇಷನ್ನಲ್ಲಿ ಟೋಪಿ ತೆಗೆದು ನಿಂತ್ರು. ಅವನು ಬರ್ಲಿಲ್ಲ. ನೀನಾದ್ರೂ ತಡವಾಗಿ ಬಂದೆ. ಕೂತ್ಕೋ, ತಲೆ ಒರೆಸ್ಕೋ." ಹಾಗೆನ್ನುತ್ತ ಮೇಲೆ ನೋಡಿದಳು. ಗೋಲೋಕ್ ಗುಂಡಿ ಸಿಕ್ಕಿಸಿದ್ದ. ಎರಡೂ ಕಿವಿ ಮುಚ್ಚಿದ್ದವು. ಪಿಶಿ ತನ್ನ ಟೋಪಿಯನ್ನು ಮಡಿಲಿನಿಂದ ಎತ್ತಿಕೊಂಡು ತಲೆಗೆ ತೊಟ್ಟಳು. ಊರು ಒಟ್ಟಿಗೆ ಉಸಿರು ಬಿಟ್ಟದ್ದು ಬಕುಲ್‌ಪುರದವರೆಗೆ ಕೇಳಿಸಿರಬೇಕು.

ಸಾಹೇಬರು ಈಚಲು ಬೆಲ್ಲದ ಸಂದೇಶ್ ತಿಂದು, ಇನ್ನೂ ಎರಡು ಕಟ್ಟಿಸಿಕೊಂಡು ಹೋದರು. ಸೀನಲಿಲ್ಲ. ಜನರಿಗೆ ಅವರ ಮೇಲೆ ಸ್ವಲ್ಪ ಬೇಜಾರಾದದ್ದು ಅದಕ್ಕೇ.

ಪುಸ್ತಕ ಮರುವರ್ಷ ದುರ್ಗಾಪೂಜೆಯ ಹೊತ್ತಿಗೆ ಬಂತು. ವಾಲಿದ ಗುಡಿಗೆ ಒಂದು ಇಡೀ ಪುಟ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ನದಿಯ ಈಚೆ ಕುಸುಮಡಾಂಗಾ ಎಂಬ ಊರಿನಲ್ಲಿ ಉಣ್ಣೆಯ ಟೋಪಿ ತೊಟ್ಟ ಮೂರ್ತಿಯನ್ನೂ ನೋಡಬಹುದು ಎಂದಿತ್ತು. ಜೊತೆಗೆ ಅಂಚೆಚೀಟಿಯಷ್ಟು ಚಿತ್ರ. ಅದರಲ್ಲಿ ಮೂರ್ತಿಗಿಂತ ಗೋಲೋಕನ ಬೆನ್ನೇ ಹೆಚ್ಚು ಕಾಣುತ್ತಿತ್ತು. ಗೋಲೋಕ್ ಅದನ್ನು ದೊಡ್ಡದು ಮಾಡಿಸಿ ಕಚೇರಿಯಲ್ಲಿ ತೂಗುಹಾಕಿದ.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಪುಸ್ತಕ ಸೇರಿದ ಟೋಪಿ ಒಬ್ಬ ಮುದುಕಿಯ ಕೈಯಲ್ಲಿ ಉಳಿಯಲು ಸಾಧ್ಯವೇ? ಪುರಸಭೆ ಟೋಪಿ ಸಮಿತಿ ಮಾಡಿತು. ಸಮಿತಿಗೆ ಅನಾದಿ ಬಾಬು ಅಧ್ಯಕ್ಷರು. ಟೋಪಿಗೆ ಟೆಂಡರ್ ಕರೆದರು. ಕಲ್ಕತ್ತೆಯಿಂದ ಜರಿ ಅಂಚಿನ, ಹಣೆಯ ಮೇಲೆ ಪುರಸಭೆಯ ಮುದ್ರೆ ಕಸೂತಿ ಮಾಡಿದ ಟೋಪಿ ಬಂತು. ಅದನ್ನು ಮಂತ್ರಿಗಳ ಕೈಯಿಂದ ತೊಡಿಸಬೇಕೆಂದು ನಿರ್ಧಾರವಾಯಿತು. ಮಂತ್ರಿಗಳ ದಿನ ಸಿಕ್ಕಬೇಕಿತ್ತು. ಕಾಳೀಪೂಜೆ ಹೋಯಿತು. ಅಗ್ರಹಾಯಣದ ಗಾಳಿ ಶುರುವಾಯಿತು. ಶಿಕದಾರ್ ಬಾಬು ಬೋಳುತಲೆಯಲ್ಲಿ ಮುಖ್ಯ ಅತಿಥಿಗಾಗಿ ಕಾಯುತ್ತ ನಿಂತರು. ಬಾಬು ತೊಡದೆ ತಾವು ತೊಡುವಂತಿಲ್ಲವಾದ್ದರಿಂದ ಊರೂ ಬರೀ ತಲೆಯಲ್ಲಿ ನಡುಗತೊಡಗಿತು.

ಪಿಶಿ ಸನಾತನನನ್ನು ಕರೆದಳು. ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತುವಾಗ ಗೋಲೋಕ್ ಓಡಿ ಬಂದ.

"ಪಿಶಿ, ಸ್ವಲ್ಪ ತಡ್ಕೋ. ಮಂತ್ರಿಗಳು ಬರ್ತಾರೆ."

"ಬರಲಿ. ಬಂದಾಗ ಬಾಬು ಬೆಚ್ಚಗೆ ನಿಂತಿರ್ತಾರೆ," ಎಂದಳು ಪಿಶಿ ಮೇಲಿನಿಂದ. ಹಾಲು ಹಾಕಿದ ಚಹಾದ ಬಣ್ಣ. ಎಡಗಿವಿ, ಬಲಗಿವಿ, ಗುಂಡಿ. ಸಂಜೆಯೊಳಗೆ ಊರಿನ ಟ್ರಂಕುಗಳೆಲ್ಲ ತೆರೆದುಕೊಂಡವು.

ಮಂತ್ರಿಗಳು ಬಂದದ್ದು ಮಾಘದಲ್ಲೇ. ಬ್ಯಾಂಡು, ಹಾರ, ಹೂವಿನ ಏಣಿ. ಮಂತ್ರಿಗಳು ಜರಿಯ ಟೋಪಿ ಹಿಡಿದು ಹತ್ತಿ, ಮೇಲೆ ನಿಂತು ಗೊಂದಲಕ್ಕೆ ಬಿದ್ದರು. "ಇಲ್ಲಿ ಆಗಲೇ ಒಂದಿದೆಯಲ್ರೀ. ಇದನ್ನ ತೆಗೀಲಾ?"

ಗೋಲೋಕ್ ಬಾಯಿ ತೆರೆದ. ಅಷ್ಟರಲ್ಲಿ ಅವನ ಕಣ್ಣು ಮುಂದಿನ ಸಾಲಿಗೆ ಹೋಯಿತು. ಹಿಂದೆ ಗಿನ್ನಿಮಾ ಕೂತಿದ್ದ ಜಾಗದಲ್ಲಿ ಪಿಶಿ ಕೂತಿದ್ದಳು. ಕೈಯನ್ನು ನಿಧಾನವಾಗಿ ಎತ್ತಿ, ತನ್ನ ತಲೆಯ ಟೋಪಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು.

"ತೆಗೀಬೇಡಿ ಸಾರ್," ಎಂದ ಗೋಲೋಕ್, ಅವಸರವಸರವಾಗಿ. "ಅದರ ಮೇಲೇ ತೊಡಿಸಿ. ನಮ್ಮಲ್ಲಿ ಹಾಗೇ ಪದ್ಧತಿ."

ಮಂತ್ರಿಗಳು ಅದರ ಮೇಲೇ ತೊಡಿಸಿದರು. ಚಪ್ಪಾಳೆಯಾಯಿತು. ಅನಾದಿ ಬಾಬು ಜೋಡಿ ಟೋಪಿಯ ತಾತ್ಪರ್ಯವನ್ನು ವಿವರಿಸಲು ಮೈಕಿನ ಕಡೆ ಹೊರಟರು. ಪಿಶಿ ಕೈ ಇಳಿಸಿ, ಕಣ್ಣು ಕಿರಿದು ಮಾಡಿ ಮೇಲೆ ನೋಡಿದಳು. ಸರ್ಕಾರದ ಟೋಪಿ ಕಿವಿಯವರೆಗೆ ಬಂದಿರಲಿಲ್ಲ, ನೆತ್ತಿಯ ಮೇಲಷ್ಟೆ ಕೂತಿತ್ತು.

"ಇರಲಿ ಬಿಡು," ಎಂದಳು ಪಕ್ಕದಲ್ಲಿದ್ದ ಸನಾತನನಿಗೆ. "ಕಿವಿಗೆ ನಂದಿದೆ."